ಹಿಂದಿನ ಶೆಡ್ಡಿನಲ್ಲಿ ಬೇಯಿಸಿದ ನೂಡಲ್ಸ್

ಪಾತ್ರೆಯ ಕೆಳಗೆ ದೋಸೆ ಕಾವಲಿಯನ್ನು ಇಟ್ಟವಳು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮನೆಗೆ ಬಂದು ವಿಚಾರಿಸಿದವರಿಗೆಲ್ಲ ನಾವು ಕತೆಯನ್ನು ಒಲೆಯಿಂದ ಶುರು ಮಾಡುತ್ತಿದ್ದೆವು. ಹಳೆಯ ಒಲೆ, ಹೊರದೇಶದ ಒಲೆ, ಅದರ ಗ್ಯಾಸ್ ಡಬ್ಬಿ ಸಿಡಿಯಿತು ಎಂದು. ಒಲೆಯ ತಪ್ಪೇನೂ ಇರಲಿಲ್ಲ. ಅದರ ಮೈಮೇಲೆಯೇ ಚಿತ್ರ ಇತ್ತು: ಅಗಲವಾದ ಪಾತ್ರೆ, ಅದರ ಮೇಲೆ ಕೆಂಪು ಅಡ್ಡಗೀಟು. ಕೊರಿಯನ್ ಅಕ್ಷರ ಓದಲು ಬಾರದವರಿಗೂ ತಿಳಿಯುವಂಥ ಚಿತ್ರ. ನಾನು ಎಂ.ಎ. ಮಾಡಿದವಳು, ಬಲ್ಮಠದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಆ ಚಿತ್ರವನ್ನು ನಾನು ನೋಡಿದ್ದೆ.

ನನ್ನ ತಮ್ಮ ವೆಲ್ಡರ್. ಎರಡು ವರ್ಷ ಕೊರಿಯಾದಲ್ಲಿ ಹಡಗು ಕಟ್ಟುವ ಯಾರ್ಡೊಂದರಲ್ಲಿ ದುಡಿದು, ಕರಾರು ಮುಗಿದ ಮೇಲೆ ಶಕ್ತಿನಗರದ ನಮ್ಮ ಮನೆಗೆ ಬಂದಿದ್ದ. ಮತ್ತೆ ಹೋಗಬೇಕಾದರೆ ಬೈಕಂಪಾಡಿಯ ಒಂದು ವರ್ಕ್‌ಶಾಪಿನಲ್ಲಿ ಪರೀಕ್ಷೆ ಕೊಡಬೇಕು. ಬರೆಯುವ ಪರೀಕ್ಷೆಯಲ್ಲ. ಎರಡು ಕಬ್ಬಿಣದ ತಟ್ಟೆಗಳನ್ನು ಮೇಜಿನ ಮೇಲೆ ಮಲಗಿಸಿ ಒಂದು ಸಲ, ಗೋಡೆಯ ಹಾಗೆ ನಿಲ್ಲಿಸಿ ಒಂದು ಸಲ, ತಲೆಯ ಮೇಲೆ ಮಾಡಿನ ಹಾಗೆ ಕಟ್ಟಿ ಒಂದು ಸಲ ಬೆಸೆದು ತೋರಿಸಬೇಕು. ಜನ ಸೋಲುವುದು ಮೂರನೆಯದರಲ್ಲಿ. ಕರಗಿದ ಲೋಹ ಕೆಳಗೆ ತೊಟ್ಟಿಕ್ಕದೆ ಮೇಲೆಯೇ ಅಂಟಿಕೊಳ್ಳಬೇಕು. ಕೈ ಒಂದಿಷ್ಟು ಅಲುಗಿದರೂ ಕೆಟ್ಟಿತು. ನನ್ನ ತಮ್ಮನಿಗೆ ಅದು ಬರುತ್ತಿತ್ತು. ಯಾರ್ಡಿನಲ್ಲಿ ಅವನನ್ನು ಯಾವಾಗಲೂ ಹಡಗಿನ ಹೊಟ್ಟೆಯ ಅಡಿಗೇ ಕಳುಹಿಸುತ್ತಿದ್ದರಂತೆ. ಅಪ್ಪ ಹೋದ ಮೇಲೆ ನಮ್ಮ ಮನೆ ಬೀಳದೆ ನಿಂತದ್ದು ಅವನ ಬಲಗೈಯಿಂದ. ನಾನು ಹೇಳುತ್ತಿರುವ ಭಾನುವಾರ ಬಂದಾಗ ಪರೀಕ್ಷೆಗೆ ಇನ್ನು ಹನ್ನೆರಡು ದಿನ ಇತ್ತು.

ನೂಡಲ್ಸ್ ಮಾಡುವ ಹಠ ನನ್ನದು. ಅವನು ಬಂದಂದಿನಿಂದ ಅದರ ಮಾತು ಆಡುತ್ತಲೇ ಇದ್ದ. ಯಾರ್ಡಿನ ಗೇಟಿನ ಎದುರಿಗೆ ಒಂದು ಸಣ್ಣ ಅಂಗಡಿ. ಚಳಿಗಾಲದಲ್ಲಿ ಸಮುದ್ರದ ಗಾಳಿಗೆ ಕಿವಿ ಮರಗಟ್ಟಿದಾಗ ಅಲ್ಲಿ ಹೋಗಿ ಕುಳಿತರೆ, ಒಬ್ಬಳು ಅಜ್ಜಿ ಕುದಿಯುವ ಸಾರಿನಲ್ಲಿ ನೂಡಲ್ಸ್ ಹಾಕಿ ತಂದಿಡುತ್ತಿದ್ದಳು. ಮಾಂಸವನ್ನು ಎದುರಿಗೇ ಕತ್ತರಿಯಿಂದ ಕತ್ತರಿಸಿ ಬಟ್ಟಲಿಗೆ ಬೀಳಿಸುತ್ತಿದ್ದಳು. ಎರಡು ವರ್ಷದಲ್ಲಿ ತನಗೆ ಮನೆ ಅನ್ನಿಸಿದ್ದು ಅದೊಂದೇ ಜಾಗ ಎಂದು ಅವನು ನನಗೆ ಹೇಳಿದ್ದ. ಅಮ್ಮನಿಗೆ ಅದು ಕೋಳಿ ಎಂದಿದ್ದ.

"ಕೋಳಿಯನ್ನು ಕತ್ತರಿಯಲ್ಲಿ ಯಾಕೆ ಕತ್ತರಿಸುದು?" ಎಂದು ಅಮ್ಮ ಕೇಳಿದ್ದರು.

"ಅಲ್ಲಿ ಕೋಳಿ ದೊಡ್ಡದುಂಟು ಅಮ್ಮ."

"ಎಷ್ಟು ದೊಡ್ಡದು? ಕೊಂಬು ಉಂಟಾ ಅದಕ್ಕೆ?"

ತಮ್ಮ ತಟ್ಟೆಯ ಕಡೆ ಬಗ್ಗಿ ನಕ್ಕ. ಅಮ್ಮ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಎರಡು ದಿನ ಬಿಟ್ಟು, ಬಟ್ಟೆ ಮಡಚುತ್ತಿದ್ದಾಗ, ನನ್ನ ಮುಖ ನೋಡದೆ ಹೇಳಿದರು: "ನನ್ನ ಅಡಿಗೆಕೋಣೆಯಲ್ಲಿ ಬೇಡ. ನನ್ನ ಒಲೆ ಬೇಡ, ನನ್ನ ಪಾತ್ರೆ ಮುಟ್ಟುದು ಬೇಡ. ಭಾನುವಾರ ನಾನು ಬಿಜೈಗೆ, ನಿಮ್ಮ ದೊಡ್ಡಮ್ಮನಲ್ಲಿಗೆ ಹೋಗ್ತೇನೆ. ಸಂಜೆ ದೀಪ ಇಡ್ಲಿಕ್ಕೆ ಬರ್ತೇನೆ. ನಾನು ಬರುವಾಗ ಎಂತದೂ ಇರ್ಬಾರ್ದು. ವಾಸನೆ ಸಹ."

ನಮ್ಮ ಮನೆಯಲ್ಲಿ ದಿನವೂ ಮೀನು ಬೇಯುತ್ತದೆ. ಕೋಳಿ ಹಬ್ಬಕ್ಕೂ ಬೇಕು, ದೈವಕ್ಕೂ ಬೇಕು. ಬೀಫ್ ಮಾತ್ರ ಇಲ್ಲ. ಆದರೆ ಇಲ್ಲ ಎನ್ನುವುದಕ್ಕೂ ಕಾಣಬಾರದು ಎನ್ನುವುದಕ್ಕೂ ನಡುವೆ ನಮ್ಮಲ್ಲಿ ಒಂದಿಷ್ಟು ಜಾಗ ಯಾವಾಗಲೂ ಇತ್ತು. ಅಪ್ಪ ಕುಡಿಯುತ್ತಿದ್ದದ್ದು ಆ ಜಾಗದಲ್ಲಿ. ಕಾಲೇಜಿನಲ್ಲಿದ್ದಾಗ ನಾನು ಗೆಳತಿಯ ಮನೆಯ ಕ್ರಿಸ್‌ಮಸ್ ಊಟಕ್ಕೆ ಹೋಗಿ ಬಂದು, ಬಾಯಿ ತೊಳೆದು ಒಳಗೆ ಬರುತ್ತಿದ್ದದ್ದೂ ಹಾಗೆಯೇ. ಅಮ್ಮ ಕೇಳುತ್ತಿರಲಿಲ್ಲ, ನಾವು ಹೇಳುತ್ತಿರಲಿಲ್ಲ. ನಾವು ಕಲಿತದ್ದು ಅಡಗಿಸುವುದನ್ನಲ್ಲ, ಗೌರವವನ್ನು ಎಂದು ನಾನು ತಿಳಿದುಕೊಂಡಿದ್ದೆ.

ಮಾಂಸ ತಂದುಕೊಟ್ಟವರು ಲೈಬ್ರರಿಯ ನನ್ನ ಸಹೋದ್ಯೋಗಿ, ನನಗಿಂತ ಹಿರಿಯ ಕ್ರಿಶ್ಚಿಯನ್ ಹೆಂಗಸು. ಖಾಲಿ ಐಸ್‌ಕ್ರೀಮ್ ಡಬ್ಬಿಯೊಳಗೆ ಇಟ್ಟು, ಮೇಲೆ ಎರಡು ಪ್ಲಾಸ್ಟಿಕ್ ಕವರು ಸುತ್ತಿದ್ದರು.

"ಎಮ್ಮೆದು. ಲೈಸನ್ಸ್ ಇರುವ ಅಂಗಡಿಯದ್ದು, ಹೆದರ್ಬೇಡಿ," ಎಂದರು. "ಬಸ್ಸಿನಲ್ಲಿ ಮಾತ್ರ ಮಡಿಲಲ್ಲಿ ಇಟ್ಕೊಳ್ಳಿ. ಯಾರಾದ್ರೂ ಐಸ್‌ಕ್ರೀಮ್ ಕೇಳಿದ್ರೆ ಕೊಡ್ಬೇಡಿ ಮತ್ತೆ."

ನಾವಿಬ್ಬರೂ ನಕ್ಕೆವು. ಕಾನೂನಿಗೆ ವಿರುದ್ಧವಾದದ್ದು ಏನೂ ಅದರಲ್ಲಿ ಇರಲಿಲ್ಲ. ಆದರೂ ಬಸ್ಸಿನಲ್ಲಿ ನಾನು ಡಬ್ಬಿಯ ಮೇಲೆ ಎರಡೂ ಕೈ ಇಟ್ಟುಕೊಂಡು ಕುಳಿತಿದ್ದೆ.

ಮನೆಯ ಹಿಂದಿನ ಶೆಡ್ ಮೊದಲು ಬಚ್ಚಲಾಗಿತ್ತು. ಒಳಗೆ ಗೀಸರ್ ಬಂದ ಮೇಲೆ ಅಲ್ಲಿನ ನೀರೊಲೆಯನ್ನು ಕಿತ್ತು, ಹಳೆಯ ಸಾಮಾನು ತುಂಬಿಸಿದ್ದೆವು. ಮೇಲೆ ಸಿಮೆಂಟ್ ಶೀಟು, ಒಂದು ಬಾಗಿಲು, ಒಂದು ಕಿಟಕಿ. ನೀರು ಹೋಗಲು ಮೂಲೆಯಲ್ಲಿ ತೂತು. ಕಿಟಕಿ ತೆರೆದರೆ ಪಕ್ಕದ ಮನೆಯ ಅಂಕಲ್‌ನ ಅಂಗಳ. ಅವರು ನಮ್ಮ ಓಣಿಯ ಭಜನಾ ಮಂಡಳಿಯ ಮುಖ್ಯಸ್ಥರು. ಸಂಜೆಯಾದರೆ ಓಣಿಯ ನಾಲ್ಕಾರು ಗಂಡಸರು ಅವರ ಜಗಲಿಯಲ್ಲಿ ಸೇರುತ್ತಾರೆ. ನಮ್ಮೊಂದಿಗೆ ಒಂದು ಕಟುಮಾತು ಅವರು ಆಡಿದ್ದಿಲ್ಲ. ಅಪ್ಪ ಹೋದ ದಿನ ಮೊದಲು ಬಂದವರು ಅವರೇ. ಆದರೆ ಊರಿನಲ್ಲಿ ಯಾರ ಮನೆಯಲ್ಲಿ ಏನು ಬೆಂದಿತು ಎಂಬ ಮಾತು ಎಲ್ಲಿಂದ ಎಲ್ಲಿಗೆ ಹೋಗಬಹುದು ಎಂಬುದು ನನಗೆ ಗೊತ್ತು, ಪೇಪರ್ ಓದುವ ಎಲ್ಲರಿಗೂ ಗೊತ್ತು. ಭಾನುವಾರ ಬೆಳಿಗ್ಗೆ ನಾನು ಮಾಡಿದ ಮೊದಲ ಕೆಲಸ ಆ ಕಿಟಕಿ ಮುಚ್ಚಿದ್ದು. ಅದರ ಎರಡು ಬಾಗಿಲುಗಳ ನಡುವಿನ ಸಂದಿಗೆ ಗೋಣಿ ತುರುಕಿದೆ.

"ಬೆವರಿ ಸಾಯ್ತೇವೆ ಅಕ್ಕ," ಎಂದ ತಮ್ಮ.

"ಹಡಗಿನ ಒಳಗೆ ಕೂತವನಿಗೆ ಇದೆಂತ ಸೆಕೆ?"

"ಹಡಗಿನಲ್ಲಿ ಫ್ಯಾನ್ ಇಡ್ತಾರೆ ಮಾರಾಯ್ತಿ. ಗಾಳಿ ಇಲ್ಲದೆ ಒಳಗೆ ಬಿಡುದೇ ಇಲ್ಲ."

ಅವನು ಹೇಳಿದ್ದು ನಗುತ್ತಲೇ. ಆದರೆ ಹೇಳಿದ್ದ.

ಒಲೆ ಅವನು ಅಲ್ಲಿಂದ ತಂದದ್ದು. ಪುಸ್ತಕದಷ್ಟು ತೆಳ್ಳಗಿನ, ಮೇಜಿನ ಮೇಲಿಡುವ ಒಲೆ. ಒಂದು ಬದಿಯಲ್ಲಿ ಉರಿ, ಇನ್ನೊಂದು ಬದಿಯಲ್ಲಿ ಸಣ್ಣ ಮುಚ್ಚಳದ ಕೆಳಗೆ ಗ್ಯಾಸ್ ಡಬ್ಬಿ ಅಡ್ಡ ಮಲಗಿರುತ್ತದೆ. ಡಬ್ಬಿಗಳನ್ನು ಇಲ್ಲಿಯೇ ಕೊಂಡಿದ್ದ. ಪಾತ್ರೆಯದ್ದೇ ತೊಂದರೆಯಾಯಿತು. ಅಮ್ಮನ ಪಾತ್ರೆ ಮುಟ್ಟುವಂತಿಲ್ಲ. ಅಡುಗೆಕೋಣೆಗೆ ಸೇರದ ಪಾತ್ರೆ ಮನೆಯಲ್ಲಿ ಒಂದೇ ಇತ್ತು: ಸತ್ತುಹೋದ ನಮ್ಮ ನಾಯಿಗೆ ಅನ್ನ ಬೇಯಿಸುತ್ತಿದ್ದ ಅಲ್ಯೂಮಿನಿಯಂ ಪಾತ್ರೆ.

"ನಾಯಿದ್ದಾ?"

"ಮೂರು ಸಲ ತೊಳೆದಿದ್ದೇನೆ."

"ಅದು ನಮಗಿಂತ ಚಂದ ತಿಂತಿತ್ತು, ಅಲ್ವಾ? ಆಗ್ಲಿ."

ಪಾತ್ರೆಯ ತಳ ಉರುಟು. ಆ ಸಣ್ಣ ಒಲೆಯ ಮೇಲೆ ಕೂರಲಿಲ್ಲ. ಮುಟ್ಟಿದರೆ ವಾಲುತ್ತಿತ್ತು. ಶೆಡ್ಡಿನ ಮೂಲೆಯಲ್ಲಿ ಅಮ್ಮ ಬಿಟ್ಟುಹಾಕಿದ ಹಳೆಯ ದೋಸೆ ಕಾವಲಿ ಇತ್ತು. ಕಬ್ಬಿಣದ್ದು, ಅಗಲವಾದದ್ದು, ನಡುವೆ ಸ್ವಲ್ಪ ತಗ್ಗಾದದ್ದು. ನಾನು ಅದನ್ನು ತೆಗೆದು ಉರಿಯ ಮೇಲಿಟ್ಟೆ. ಅದರ ತಗ್ಗಿನಲ್ಲಿ ಪಾತ್ರೆಯನ್ನು ಕೂರಿಸಿದೆ. ಗಟ್ಟಿಯಾಗಿ ನಿಂತಿತು. ಕಾವಲಿ ಎಷ್ಟು ಅಗಲವಿತ್ತೆಂದರೆ ಅದರ ಒಂದು ಅಂಚು ಡಬ್ಬಿಯ ಮುಚ್ಚಳವನ್ನು ಪೂರ್ತಿ ಮುಚ್ಚಿತ್ತು. ನನಗೆ ನನ್ನ ಬುದ್ಧಿವಂತಿಕೆಯ ಬಗ್ಗೆ ಹೆಮ್ಮೆಯಾಗಿತ್ತು.

ತಮ್ಮ ಆಗ ಅಂಗಳದಲ್ಲಿ ಮೂಲಂಗಿ ತೊಳೆಯುತ್ತಿದ್ದ. ಒಳಗೆ ಬಂದು ನೋಡಿ, "ಇದೆಂತ, ಎರಡು ಮಾಳಿಗೆ?" ಎಂದ. ಅಷ್ಟೇ. ಅವನಿಗೆ ಗೊತ್ತಿರಬೇಕಿತ್ತು ಎಂದು ಆಮೇಲೆ ಹಲವರು ಹೇಳಿದರು, ವೆಲ್ಡರ್ ಅಲ್ಲವೇ ಎಂದು. ಅವನು ಅವತ್ತು ವೆಲ್ಡರ್ ಆಗಿರಲಿಲ್ಲ. ಅಕ್ಕನೊಂದಿಗೆ ಕದ್ದು ಅಡುಗೆ ಮಾಡುವ ತಮ್ಮ ಆಗಿದ್ದ.

ಮಾಂಸವನ್ನು ಇಡೀ ತುಂಡಾಗಿಯೇ ನೀರಿಗೆ ಹಾಕಿದೆವು. ಮೇಲೆ ಬಂದ ನೊರೆಯನ್ನು ಅವನು ಸೌಟಿನಿಂದ ತಾಳ್ಮೆಯಲ್ಲಿ ತೆಗೆದ. ಆಮೇಲೆ ಇಡೀ ಬೆಳ್ಳುಳ್ಳಿ, ಶುಂಠಿ, ಈರುಳ್ಳಿ, ಮೂಲಂಗಿ. ಅಲ್ಲಿಯ ಮೆಣಸಿನ ಪುಡಿಗೆ ಬದಲಾಗಿ ಬ್ಯಾಡಗಿ ಪುಡಿ. ಬಣ್ಣ ಅದೇ ಎಂದ. ಒಂದು ಸಣ್ಣ ಶೀಸೆಯಲ್ಲಿ ಹುರಿದ ಎಳ್ಳಿನ ಎಣ್ಣೆ ತಂದಿದ್ದ. ಮುಚ್ಚಳ ತೆಗೆದಾಗ ಶೆಡ್ಡೆಲ್ಲ ಅದರ ಘಮ. ಎಳ್ಳೆಣ್ಣೆ ಎಂದರೆ ನಮಗೆ ದೀಪದ ಎಣ್ಣೆ. ಅದನ್ನು ಬೀಫ್ ಸಾರಿಗೆ ಹಾಕುವುದು ನೋಡಿ ನನಗೆ ಒಳಗೊಳಗೆ ಮುಜುಗರವಾಯಿತು. ಅವನಿಗೆ ಹೇಳಲಿಲ್ಲ.

ಸಾರು ಕುದಿಯುತ್ತಿದ್ದ ಹಾಗೆ ಅವನು ನೆಲದ ಮೇಲೆ ಹಲಗೆ ಇಟ್ಟು, ಗೋಧಿ ಮತ್ತು ಮೈದಾ ಹಿಟ್ಟಿನ ಉಂಡೆಯನ್ನು ಲಟ್ಟಿಸಿ, ಸುತ್ತಿ, ಚಾಕುವಿನಿಂದ ಕತ್ತರಿಸತೊಡಗಿದ. ಎಳೆಗಳು ಅಳೆದು ಮಾಡಿದ ಹಾಗೆ ಬೀಳುತ್ತಿದ್ದವು, ಒಂದರಷ್ಟೇ ಇನ್ನೊಂದು. ನಾನು ಮಾತಾಡಿಸಿದರೂ ಅವನ ಬಲಗೈ ಲಯ ತಪ್ಪಲಿಲ್ಲ. ಆ ಕೈಯನ್ನು ನಾನು ಹಾಗೆ ನೋಡಿದ್ದು ಅದೇ ಕೊನೆ.

ಒಂದು ಗಂಟೆಗೂ ಹೆಚ್ಚು ಹೊತ್ತು ಬೇಯಿಸಿದ ಮೇಲೆ ಮೊದಲ ಡಬ್ಬಿ ಮುಗಿಯಿತು. ಎರಡನೆಯದನ್ನು ಹಾಕಿದ. ಮುಚ್ಚಳ ಮುಟ್ಟುವಾಗ "ಬಿಸಿ ಉಂಟಲ್ಲ ಇದು" ಎಂದು ಬೆರಳು ಬಾಯಿಗೆ ಹಾಕಿಕೊಂಡ. ನಾನು ಬಟ್ಟೆಯ ತುಂಡು ಕೊಟ್ಟೆ.

ಇಲ್ಲಿಂದ ಮುಂದೆ ನನಗೆ ಎಲ್ಲವೂ ಬೇರೆ ಬೇರೆ ತುಂಡಾಗಿ ಬರುತ್ತದೆ. ಬಸ್ಸಿನಲ್ಲಿ ಬರುತ್ತದೆ, ಪುಸ್ತಕಕ್ಕೆ ಮುದ್ರೆ ಹಾಕುವಾಗ ಬರುತ್ತದೆ. ಮೊದಲು ವಾಸನೆ. ಬಣ್ಣ ಸುಡುವ ವಾಸನೆ. ಆಮೇಲೆ ಒಲೆಯ ಬದಿಯಿಂದ ಟಕ್ ಎಂದು ಒಂದು ಸದ್ದು, ತಗಡು ಉಬ್ಬುವಾಗ ಬರುವಂಥದ್ದು. ನೂಡಲ್ಸ್ ತುಂಬಿದ ತಟ್ಟೆಯನ್ನು ಹಿಡಿದು ಪಾತ್ರೆಯ ಹತ್ತಿರ ಬಗ್ಗಿದ್ದ ತಮ್ಮ ತಟ್ಟೆಯನ್ನು ಕೆಳಗಿಟ್ಟ. ಕಾವಲಿಯ ಅಂಚಿನ ಕೆಳಗೆ, ಅದರ ಕಾವಿಗೆ ಉಬ್ಬಿದ ಡಬ್ಬಿಯ ಕಡೆ ನೋಡಿದ. ಆ ಕ್ಷಣದಲ್ಲಿ ಅವನು ಮತ್ತೆ ವೆಲ್ಡರ್ ಆದ. ಮುಖ ಬದಲಾದದ್ದು ನನಗೆ ಕಾಣಿಸಿತು.

"ಅಕ್ಕ, ಹೊರಗೆ ಹೋಗು."

"ಯಾಕೆ, ಎಂತಾಯ್ತು?"

"ಹೋಗು ಅಂದೆ."

ನಾನು ಬಾಗಿಲ ಹತ್ತಿರವಿದ್ದೆ. ಒಂದು ಹೆಜ್ಜೆ ಹಿಂದಿಟ್ಟೆ. ಅವನು ಉರಿ ಆರಿಸಿ, ಡಬ್ಬಿ ಬಿಡಿಸುವ ಹಿಡಿಯ ಕಡೆ ಬಲಗೈ ಚಾಚಿದ. ಆಗ ಸಿಡಿಯಿತು.

ಸದ್ದು ನಾನು ಎಣಿಸಿದಷ್ಟು ದೊಡ್ಡದಿರಲಿಲ್ಲ, ಅಥವಾ ಅರ್ಧ ಮಾತ್ರ ಕೇಳಿಸಿತೋ ಏನೋ. ಹಳದಿ ಬೆಂಕಿ ಮಾಡಿನವರೆಗೆ ಒಮ್ಮೆ ಎದ್ದು ಇಲ್ಲವಾಯಿತು. ಕಾವಲಿ ಗೋಡೆಗೆ ಬಡಿಯಿತು. ಪಾತ್ರೆ ತಿರುಗಿ ಅವನ ಕಡೆಗೇ ಬಿತ್ತು, ಕುದಿಯುವ ಸಾರೆಲ್ಲ ಅವನ ಕೈಯ ಮೇಲೆ. ಅವನು ಕಿರುಚಲಿಲ್ಲ. ನೆಲದ ಮೇಲೆ ಕುಳಿತುಬಿಟ್ಟ, ಬಲಗೈಯನ್ನು ಎಡಗೈಯಿಂದ ಮೊಣಕೈಯ ಹತ್ತಿರ ಹಿಡಿದು, ಮುಂದಕ್ಕೆ ಚಾಚಿ. ಅದು ತನ್ನದಲ್ಲ, ಯಾರಿಗೋ ತೋರಿಸಬೇಕಾದದ್ದು ಎನ್ನುವ ಹಾಗೆ.

"ಅಕ್ಕ, ನೀರ್," ಎಂದ.

ನೋವಿನಲ್ಲಿ ಅವನಿಗೆ ತುಳು ಬಂದಿತ್ತು. ತುಳುವಿನಲ್ಲಿಯೂ ಅದು ನೀರೇ. ತಿಳಿಯದೆ ಹೋಗುವ ಮಾತಲ್ಲ. ಕಿವಿ ಗುಂಯ್ ಎನ್ನುತ್ತಿತ್ತು ಎಂದು ನಾನು ಈಗ ಹೇಳಬಹುದು. ಆದರೆ ಕೇಳಿಸಿತ್ತು.

ಬಾಗಿಲ ಪಕ್ಕದಲ್ಲಿ ಒಂದು ಬಕೆಟ್ ನೀರು ಇತ್ತು, ಕೈತೊಳೆಯಲೆಂದು ನಾನೇ ತುಂಬಿಸಿ ಇಟ್ಟದ್ದು. ನಾನು ಅದನ್ನು ಎತ್ತಿದೆ. ಅದೇ ಹೊತ್ತಿಗೆ ಪಕ್ಕದ ಅಂಗಳದಿಂದ "ಎಂತ ಅದು? ಎಂತಾಯ್ತು?" ಎಂದು ಅಂಕಲ್‌ನ ಧ್ವನಿ ಕೇಳಿತು, ಆಮೇಲೆ ನಮ್ಮ ಗೇಟಿನ ಚಿಲಕ. ನೆಲದ ಮೇಲೆ ಮಾಂಸದ ದೊಡ್ಡ ತುಂಡು ಬಿದ್ದಿತ್ತು. ಸುತ್ತಲೂ ಕೆಂಪು ಸಾರು, ಚೂರುಗಳು. ನಾನು ಬಕೆಟಿನ ನೀರನ್ನು ನೆಲಕ್ಕೆ ಸುರಿದೆ. ಎಲ್ಲವನ್ನೂ. ಕಾಲಿನಿಂದ ಚೂರುಗಳನ್ನು ಮೂಲೆಯ ತೂತಿನ ಕಡೆ ದೂಡಿದೆ. ಕುದಿಯುವಷ್ಟು ಬಿಸಿಯಿದ್ದ ತುಂಡನ್ನು ಬರಿಗೈಯಿಂದ ಎತ್ತಿ, ಕಿಟಕಿಯ ಗೋಣಿ ಕಿತ್ತು ಅದರೊಳಗೆ ಹಾಕಿ, ಹಳೆಯ ಸಾಮಾನಿನ ಹಿಂದೆ ತಳ್ಳಿದೆ. ಐಸ್‌ಕ್ರೀಮ್ ಡಬ್ಬಿಯನ್ನೂ. ಇದೆಲ್ಲ ನಾನು ಗಾಬರಿಯಲ್ಲಿ ಮಾಡಲಿಲ್ಲ. ಗಾಬರಿಯಲ್ಲಿ ಮಾಡಿದೆ ಎಂದು ಹೇಳಲು ನನಗೆ ಆಸೆ ಇದೆ. ಆದರೆ ಕೈ ಎಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿತ್ತು ಎಂದು ನನಗೆ ನೆನಪಿದೆ. ತಮ್ಮ ಕೈ ಚಾಚಿಕೊಂಡು ನನ್ನನ್ನೇ ನೋಡುತ್ತಿದ್ದ.

ಮುಂದಿನ ಬಾಗಿಲು ತಟ್ಟಿ, ಕರೆದು, ಆಮೇಲೆ ಮನೆ ಸುತ್ತಿ ಅಂಕಲ್ ಶೆಡ್ಡಿನ ಬಾಗಿಲಿಗೆ ಬಂದರು. ಒಳಗೆ ಒಮ್ಮೆ ನೋಡಿದರು. ಏನೂ ಕೇಳದೆ ತಮ್ಮನನ್ನು ಕಂಕುಳಿಗೆ ಕೈಹಾಕಿ ಎಬ್ಬಿಸಿ, ಅಂಗಳದ ನಳ್ಳಿಯ ಕೆಳಗೆ ಅವನ ಕೈ ಹಿಡಿದರು. "ಇಲ್ಲೇ ಹಿಡ್ಕೊ ಮಗಾ, ತೆಗೀಬೇಡ," ಎಂದು ತಾವೂ ನೆನೆಯುತ್ತ ನಿಂತರು. ಸ್ವಲ್ಪ ಹೊತ್ತಿನ ಮೇಲೆ ಕಾರು ತೆಗೆದರು. ದಾರಿಯಲ್ಲಿ ಕನ್ನಡಿಯಲ್ಲಿ ನನ್ನನ್ನು ನೋಡಿ ಒಂದೇ ಮಾತು ಹೇಳಿದರು.

"ಗ್ಯಾಸ್ ಇಟ್ಟಲ್ಲಿ ಕಿಟಕಿ ಮುಚ್ಬಾರ್ದು ಮಾರಾಯ್ತಿ."

"ಸೊಳ್ಳೆ ಅಂತ," ಎಂದೆ. ಮಧ್ಯಾಹ್ನ ಒಂದೂವರೆ ಗಂಟೆ.

"ಹೂಂ," ಎಂದರು. ಕಾರಿನೊಳಗೆಲ್ಲ ಹುರಿದ ಎಳ್ಳೆಣ್ಣೆಯ ವಾಸನೆ ತುಂಬಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರ್ ನನಗಿಂತ ಚಿಕ್ಕವಳಾದ ಹುಡುಗಿ. ಕೈ ನೋಡುತ್ತಲೇ ಕೇಳಿದಳು: "ಸುಟ್ಟ ಕೂಡಲೇ ನೀರು ಹಾಕಿದ್ರಾ?"

"ಹಾಕಿದೆ," ಎಂದೆ.

"ಕೂಡಲೇ?"

"ಕೂಡಲೇ."

"ಒಳ್ಳೇದು ಮಾಡಿದ್ರಿ. ಹೆಚ್ಚಿನವರು ಪೇಸ್ಟ್ ಹಚ್ಕೊಂಡು ಬರ್ತಾರೆ."

ತಮ್ಮ ಗೋಡೆಯ ಕಡೆ ತಿರುಗಿದ್ದ. ಸುಟ್ಟದ್ದು ಅವನ ಬಲಗೈಯ ಮೇಲ್ಭಾಗ, ನಾಲ್ಕು ಬೆರಳು, ಎಡಗೈಯ ಮಣಿಕಟ್ಟು. ಬೆರಳುಗಳಲ್ಲಿ ಆಳವಾಗಿ ಸುಟ್ಟಿದೆ, ತೊಡೆಯ ಚರ್ಮ ತೆಗೆದು ಹಾಕಬೇಕಾದೀತು ಎಂದಳು. ಪರೀಕ್ಷೆಯ ವಿಷಯವನ್ನು ಅವನೇ ಕೇಳಿದ. ಹನ್ನೆರಡು ದಿನವಾ ಎಂದು ಅವಳು ಅವನ ಮುಖ ನೋಡಿದಳು.

ಕೈಗೆ ನೀರು ಬೀಳುವ ಮೊದಲು ಹೋದ ಆ ನಾಲ್ಕು ನಿಮಿಷಗಳಿಂದ ಎಷ್ಟು ವ್ಯತ್ಯಾಸವಾಯಿತು ಎಂದು ನನಗೆ ಗೊತ್ತಿಲ್ಲ. ಲೈಬ್ರರಿಯಲ್ಲಿ ಕುಳಿತು ಓದಿದ್ದೇನೆ, ಬೇಕಾದ್ದಕ್ಕಿಂತ ಹೆಚ್ಚೇ ಓದಿದ್ದೇನೆ. ನೀರು ಬೇಗ ಬಿದ್ದಷ್ಟು ಒಳ್ಳೆಯದು ಎಂದು ಎಲ್ಲ ಕಡೆ ಇದೆ. ಈ ಕೈಗೆ, ಈ ನಾಲ್ಕು ನಿಮಿಷಕ್ಕೆ ಎಷ್ಟು ಎಂದು ಯಾವ ಪುಸ್ತಕದಲ್ಲೂ ಇಲ್ಲ. ಡಾಕ್ಟರನ್ನು ಕೇಳಬಹುದಿತ್ತು. ಕೇಳಬೇಕಾದರೆ ಮೊದಲು ನಿಜ ಹೇಳಬೇಕಿತ್ತು.

ಅಮ್ಮ ಬಿಜೈಯಿಂದ ನೇರ ಆಸ್ಪತ್ರೆಗೆ ಬಂದರು. ಬ್ಯಾಂಡೇಜು ಸುತ್ತಿದ ಕೈಯನ್ನು ನೋಡಿದರು, ಮುಟ್ಟಲು ಹೋಗಿ ಕೈ ಹಿಂದೆಗೆದರು. ಆಮೇಲೆ ಹೊರಗೆ ಬೆಂಚಿನ ಮೇಲೆ ಕುಳಿತು ನನಗೆ ಹೇಳಿದರು: "ನನ್ನ ಒಲೆಯಲ್ಲೇ ಮಾಡಿ ಅಂತ ಹೇಳ್ಬೇಕಿತ್ತು ನಾನು. ದೊಡ್ಡ ಒಲೆ ಉಂಟು, ದೊಡ್ಡ ಪಾತ್ರೆ ಉಂಟು. ಆಮೇಲೆ ತೊಳೆದ್ರೆ ಆಗ್ತಿತ್ತು. ಎಂತ, ತೊಳೆದ್ರೆ ಹೋಗುದಿಲ್ವಾ?"

"ನಿಮ್ಮದೆಂತ ತಪ್ಪಿಲ್ಲ ಅಮ್ಮ."

"ಹೊರಗೆ ಹಾಕಿದ್ದು ನಾನೇ ಅಲ್ವಾ?"

ಆಗ ನಾನು ಬಕೆಟಿನ ವಿಷಯ ಹೇಳಿದ್ದರೆ ಅಮ್ಮನ ಭಾರ ಸ್ವಲ್ಪ ಇಳಿಯುತ್ತಿತ್ತು. ಹೇಳಲಿಲ್ಲ.

ಸಂಜೆ ಬಟ್ಟೆ ತರಲೆಂದು ಮನೆಗೆ ಹೋದೆ. ಮೊದಲು ಶೆಡ್ಡಿಗೆ ಓಡಿದೆ. ಶೆಡ್ಡನ್ನು ಯಾರೋ ಗುಡಿಸಿ ತೊಳೆದಿದ್ದರು, ನೆಲ ಒಣಗಿತ್ತು. ಗೋಣಿ ಇರಲಿಲ್ಲ, ಡಬ್ಬಿಯೂ ಇರಲಿಲ್ಲ. ಒಡೆದ ಒಲೆಯನ್ನು ಒಂದು ಮೂಲೆಗೆ ಇಟ್ಟಿದ್ದರು. ಅಂಕಲ್ ಬೇಲಿಯ ಆಚೆಯಿಂದ ಹೇಳಿದರು: "ನಿಮ್ಮ ಅಮ್ಮ ದೀಪ ಇಡ್ಲಿಕ್ಕೆ ಬರುವಾಗ ಅದೆಲ್ಲ ನೋಡುದು ಬೇಡ ಅಂತ ನಮ್ಮ ಮನೆಯವಳು ಕ್ಲೀನ್ ಮಾಡಿದ್ಲು."

ಅದೆಲ್ಲ ಎಂದರೆ ಏನು ಎಂದು ಅವರು ಹೇಳಲಿಲ್ಲ. ನಾನು ಕೇಳಲಿಲ್ಲ. ಇವತ್ತಿಗೂ ಆ ಮಾತು ನಮ್ಮ ನಡುವೆ ಬಂದಿಲ್ಲ. ನನ್ನ ಹೆದರಿಕೆ ಸುಳ್ಳಾಗಿತ್ತು ಎಂದು ಇದರಿಂದ ನಾನು ತೀರ್ಮಾನಿಸಲಾರೆ. ಗೇಟು ತೆರೆದು ಬಂದವರು ಬೇರೆ ಯಾರಾದರೂ ಆಗಿದ್ದರೆ ಆ ದಿನ ಹೇಗೆ ಮುಗಿಯುತ್ತಿತ್ತೋ ಗೊತ್ತಿಲ್ಲ. ಆದರೆ ಬಂದವರು ಅವರು. ಅವರ ಧ್ವನಿ ನಾನು ಹುಟ್ಟಿದಾಗಿನಿಂದ ಕೇಳಿದ್ದು. ಆ ಧ್ವನಿ ಕೇಳಿಯೇ ನಾನು ನೀರನ್ನು ನೆಲಕ್ಕೆ ಸುರಿದದ್ದು.

ಪರೀಕ್ಷೆಯ ದಿನ ಬಂತು, ಹೋಯಿತು. ಚರ್ಮ ಹಾಕಿದರು. ಅದು ಹಿಡಿಯಿತು. ಆದರೆ ಒಣಗುತ್ತ ಒಣಗುತ್ತ ಬಿಗಿಯಿತು. ಬೆರಳು ಮಡಚಲು ದಿನಕ್ಕೆ ನಾಲ್ಕು ಸಲ ವ್ಯಾಯಾಮ. ನಾನು ಅವನ ಎದುರು ಕುಳಿತು ಒಂದೊಂದೇ ಬೆರಳನ್ನು ಒತ್ತಿ ಮಡಚುತ್ತಿದ್ದೆ. ಅವನ ಹಣೆಯ ಮೇಲೆ ಬೆವರು ಬರುವವರೆಗೆ ಒತ್ತಬೇಕು, ಅಲ್ಲಿಗೆ ನಿಲ್ಲಿಸಬೇಕು ಎಂದು ನಾನೇ ಒಂದು ಲೆಕ್ಕ ಮಾಡಿಕೊಂಡಿದ್ದೆ. ಕೊರಿಯಾಕ್ಕೆ ಜನ ಕಳುಹಿಸುವ ಏಜೆಂಟ್ ಫೋನ್ ಮಾಡಿ ಇನ್ನೊಂದು ತಂಡಕ್ಕೆ ಹೆಸರು ಹಾಕಿದ್ದೇನೆ, ನಾಲ್ಕು ತಿಂಗಳು ಸಮಯ ಉಂಟು ಎಂದ. ನಾಲ್ಕು ತಿಂಗಳಲ್ಲಿ ಮುಷ್ಟಿ ಮುಕ್ಕಾಲು ಭಾಗ ಮುಚ್ಚುವಷ್ಟಾಯಿತು.

ಈ ಎರಡನೆಯ ಪರೀಕ್ಷೆಯ ದಿನ ಸ್ಕೂಟರಿನಲ್ಲಿ ಅವನನ್ನು ಬೈಕಂಪಾಡಿಗೆ ಕರೆದುಕೊಂಡು ಹೋದದ್ದು ನಾನೇ. ಬ್ರೇಕ್ ಒತ್ತಲು ಅವನಿಗೆ ಆಗುತ್ತಿರಲಿಲ್ಲ. ವರ್ಕ್‌ಶಾಪಿನ ಹೊರಗೆ ತಗಡಿನ ನೆರಳಿನಲ್ಲಿ ನಿಂತು ಕಾದೆ. ಒಳಗಿನಿಂದ ನೀಲಿ ಬೆಳಕು ಮಿಂಚುವುದು, ನಿಲ್ಲುವುದು, ಮತ್ತೆ ಮಿಂಚುವುದು ಕಾಣುತ್ತಿತ್ತು. ಪರೀಕ್ಷೆ ಮಾಡುವವರು ತಲೆ ನರೆತ ಒಬ್ಬ ಮನುಷ್ಯ. ಕೊನೆಗೆ ಅವರೇ ತಮ್ಮನ ಹೆಗಲ ಮೇಲೆ ಕೈಯಿಟ್ಟು ಹೊರಗೆ ಬಂದರು. "ಒಳ್ಳೆ ಕೈ ಇದ್ದದ್ದು ಗೊತ್ತಾಗ್ತದೆ," ಎಂದು ನನಗೆ ಹೇಳಿ ಒಳಗೆ ಹೋದರು.

"ಮಲಗಿಸಿದ್ದು ಆಯ್ತು. ನಿಲ್ಲಿಸಿದ್ದೂ ಆಯ್ತು," ಎಂದ ತಮ್ಮ. "ಮೇಲಿನದ್ದರಲ್ಲಿ ನಡುಗಿತು. ಅರ್ಧದಲ್ಲಿ ನಾನೇ ನಿಲ್ಲಿಸಿದೆ. ನೋಡ್ಲಿಕ್ಕೆ ನಾಚಿಕೆ ಆಗುವ ಹಾಗೆ ತೊಟ್ಟಿಕ್ತು."

ಸ್ಕೂಟರಿನವರೆಗೆ ನಡೆದೆವು. ಆಗ ನಾನು ಹೇಳಿದೆ. ಅವತ್ತಿನಿಂದ ಒಳಗೆ ಇಟ್ಟುಕೊಂಡದ್ದು, ಅಲ್ಲಿ ಆ ಬಿಸಿಲಿನಲ್ಲಿ ತಾನಾಗಿ ಬಂತು.

"ಅವತ್ತು ಬಕೆಟ್ ನನ್ನ ಕೈಯಲ್ಲಿತ್ತು."

"ಗೊತ್ತುಂಟು."

"ನೀನು ನೀರು ಕೇಳಿದ್ದು ನನಗೆ ಕೇಳಿಸಿತ್ತು."

"ಅದೂ ಗೊತ್ತುಂಟು," ಎಂದ. ಕೈಯನ್ನು ತಿರುಗಿಸಿ ಅಂಗೈ ನೋಡಿಕೊಂಡ. "ಒಂದು ಸಲ ಕೇಳಿದೆ. ಎರಡನೇ ಸಲ ನಾನೇ ಕೇಳ್ಲಿಲ್ಲ. ಗೇಟಿನ ಸದ್ದು ನನಗೂ ಕೇಳಿಸಿತಲ್ಲ. ನೀನು ಅದನ್ನೆಲ್ಲ ಬೇಗ ತೆಗೆದ್ರೆ ಸಾಕು ಅಂತ ನೋಡ್ತಾ ಕೂತೆ."

ಅವನು ನನ್ನನ್ನು ಕ್ಷಮಿಸಿದನೋ, ನನ್ನ ಜೊತೆಗೆ ತಾನೂ ನಿಂತನೋ, ಎರಡೂ ಅಲ್ಲದೆ ಬರೇ ನಡೆದದ್ದನ್ನು ಹೇಳಿದನೋ, ನನಗೆ ಇನ್ನೂ ಗೊತ್ತಾಗಿಲ್ಲ.

"ಇನ್ನೊಮ್ಮೆ ಹಾಗಾದ್ರೆ ಎಂತ ಮಾಡ್ತೀ?" ಎಂದ.

"ನೀರು ಹಾಕ್ತೇನೆ."

"ಬೇಗ ಹೇಳಿದೆ," ಎಂದು ಸ್ವಲ್ಪ ನಕ್ಕ. "ಯೋಚನೆ ಮಾಡಿ ಹೇಳು. ಅವಸರ ಇಲ್ಲ."

ಮರುದಿನ ನಾನು ಆ ಡಾಕ್ಟರಲ್ಲಿಗೆ ಹೋದೆ. ನೀರು ಕೂಡಲೇ ಹಾಕಿರಲಿಲ್ಲ ಎಂದು ಹೇಳಿದೆ. ಅವಳು ಫೈಲಿನಿಂದ ತಲೆಯೆತ್ತಿ, ಎಷ್ಟು ಹೊತ್ತಾಗಿತ್ತು ಎಂದು ಕೇಳಿದಳು. ಹೇಳಿದೆ. ಈಗ ಅದರಿಂದ ಚಿಕಿತ್ಸೆ ಏನೂ ಬದಲಾಗುವುದಿಲ್ಲ ಎಂದಳು. ವ್ಯತ್ಯಾಸ ಆಗುತ್ತಿತ್ತಾ ಎಂದು ಕೇಳಿದೆ. "ಹೇಳ್ಲಿಕ್ಕೆ ಆಗುದಿಲ್ಲ," ಎಂದಳು, ಮತ್ತು ಯಾಕೆ ಎಂದು ಕೇಳಲಿಲ್ಲ. ಮನೆಗೆ ಬಂದು ಅಮ್ಮನಿಗೂ ಹೇಳಿದೆ. ಅಮ್ಮ ಎದ್ದು, ಶೆಡ್ಡಿನ ಬೀಗದ ಕೈಯನ್ನು ಗೋಡೆಯ ಮೊಳೆಯಿಂದ ತೆಗೆದು ನನ್ನ ಕೈಗೆ ಕೊಟ್ಟು, "ಆ ಕಿಟಕಿಯ ಬಾಗಿಲು ಕಿತ್ತು ಬಿಸಾಡು," ಎಂದರು.

ತಮ್ಮ ಈಗ ಅದೇ ಬೈಕಂಪಾಡಿಯ ಇನ್ನೊಂದು ಶೆಡ್ಡಿನಲ್ಲಿ ತಟ್ಟೆಗಳನ್ನು ಮೇಜಿನ ಮೇಲೆ ಮಲಗಿಸಿ ಬೆಸೆಯುವ ಕೆಲಸ ಮಾಡುತ್ತಾನೆ. ಆರು ತಿಂಗಳ ನಂತರ ಕೊರಿಯಾಕ್ಕೆ ಮತ್ತೊಂದು ತಂಡ ಇದೆಯಂತೆ. ಸಂಜೆ ಮನೆಗೆ ಬಂದು ಚಹಾ ಕುಡಿದ ಮೇಲೆ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಒಂದು ಕಬ್ಬಿಣದ ಸರಳನ್ನು ಬಲಗೈಯಲ್ಲಿ ಹಿಡಿದು ತಲೆಯ ಮೇಲೆ ಎತ್ತುತ್ತಾನೆ. ಬೆಂಕಿಯಿಲ್ಲ, ಬೆಳಕಿಲ್ಲ, ಬರೇ ಸರಳು. ನಾನು ಎದುರಿಗೆ ಕುಳಿತು ಎಣಿಸುತ್ತೇನೆ. ನಲವತ್ತು ದಾಟುವಾಗ ಅದರ ತುದಿ ನಡುಗತೊಡಗುತ್ತದೆ. ಮೊದಲು ಇಪ್ಪತ್ತೈದಕ್ಕೇ ನಡುಗುತ್ತಿತ್ತು. ನನಗೆ ನೋಡಲು ಆಗುವುದಿಲ್ಲ, ಆದರೂ ನೋಡುತ್ತೇನೆ, ಎಣಿಸುವುದನ್ನೂ ನಿಲ್ಲಿಸುವುದಿಲ್ಲ. ಸಾಕು ಎಂದು ಅವನು ಹೇಳುವವರೆಗೆ.